ಸಾಲಿನ ಬಾಲ ಹಿಡಿಯುವವಳು

ಲಾನ್‌ವರ್ನ್, ಬ್ರಿಟನಿ
೪ ಮೇ ೧೯೯೧

ಪ್ರೀತಿಯ ಮಹರೀತ್,

ಬಟಾಣಿ ಬಳ್ಳಿಗೆ ಹುಳ ಬಿದ್ದಿದೆ ಎಂದು ಕಾಗದ ಮುಗಿಸಿದ್ದೀಯ. ಬೀಳಲಿ ಬಿಡು, ಇಲ್ಲಿ ನನ್ನ ತಲೆಗೇ ಹುಳ ಬಿದ್ದಿದೆ.

ಗುರುವಾರ ಲೋಸ್ತಾನ್ಲೆನ್ ಬಂದಿದ್ದ. ಅದೇ, ಕೊರಳಿಗೆ ಬೋ ಕಟ್ಟಿಕೊಂಡು ನಮ್ಮ ಬ್ರೆಟನ್ ಮಾತನ್ನು ಪುಸ್ತಕದ ಹಾಗೆ ಆಡುವ ನೋಟರಿ. ನಮ್ಮ ಕೆಲ್ಟಿಕ್ ಪರಂಪರೆಯನ್ನು ಉಳಿಸಿದವರಿಗೆ ವರ್ಷಕ್ಕೊಮ್ಮೆ ಸನ್ಮಾನ ಮಾಡುತ್ತಾರಲ್ಲ, ಆ ಸಮಿತಿಗೆ ಈಗ ಅವನೇ ಅಧ್ಯಕ್ಷ. ನಾನು ಒಲೆಯ ಮುಂದೆ ಕರಿಗೋಧಿ ಕ್ರೇಪ್ ಹುಯ್ಯುತ್ತಿದ್ದೆ. ಬಾಗಿಲಲ್ಲೇ ನಿಂತು ಟೋಪಿ ತೆಗೆದ.

"ವೇಫಾ ರಿವೋಲ್ ಅವರೇ, ತಾವು ನಮ್ಮ ಜನಾಂಗದ ಉಸಿರು" ಅಂದ.

"ಉಸಿರಾ? ಹಿಟ್ಟಿನ ಮೂಟೆ ಎತ್ತಿದ್ರೆ ಎರಡು ಮೆಟ್ಟಿಲಿಗೇ ಏದುಸಿರು ಬರುತ್ತೆ. ಕೂತ್ಕೊಳಿ, ಕ್ರೇಪ್ ಆರ್ತಾ ಇದೆ" ಅಂದೆ.

ಮೂರು ತಿಂದ. ಆಮೇಲೆ ವಿಷಯ ಹೇಳಿದ. ಈ ಸಲದ ಸನ್ಮಾನ ವೇಲ್ಸಿನ ಒಬ್ಬ ಹಾರ್ಪ್ ಮಾಡುವ ಬಡಗಿಗೆ, ಐರ್ಲೆಂಡಿನ ಒಬ್ಬ ಮೇಷ್ಟ್ರಿಗೆ, ಆಮೇಲೆ ನಮ್ಮ ಹಾಡಿಗೆ. ಸೆಪ್ಟೆಂಬರ್ ಕೊನೆಯ ಶನಿವಾರ, ನಮ್ಮೂರ ಚರ್ಚಿನ ಮುಂದೆ, ಹಲಗೆ ಹಾಸಿ, ಊರೆಲ್ಲ ಸೇರಿಸಿ. ಬೆಳ್ಳಿಯ ಸರ ಹಾಕುತ್ತಾರಂತೆ. ಅದಾದ ಮೇಲೆ ನಾವು ಹಾಡಬೇಕು, ಜನ ಕುಣಿಯಬೇಕು.

ಫಾಂಶ್‌ಗೆ ಕಿವಿ ಇನ್ನಷ್ಟು ಮಂದವಾಗಿದೆ. ನಾನು ಕೂಗಿ ಕೂಗಿ ಹೇಳಿದ ಮೇಲೆ, "ಯಾರ ಮದ್ವೆ?" ಅಂದ. ನನ್ನ ಗಂಡನಿಗೆ ಕುಣಿತ ಅಂದರೆ ಮದುವೆ, ಇಲ್ಲವೇ ಹೊಸ ಕಣ ತುಳಿಯುವುದು. ನೆನಪಿದೆಯಾ, ನಾವಿಬ್ಬರೂ ಮೊದಲು ಜೋಡಿಯಾಗಿ ಹಾಡಿದ್ದೂ ನಮ್ಮಪ್ಪನ ಹೊಸ ಕಣದಲ್ಲೇ. ಹಸಿಮಣ್ಣು ಹರಡಿ ಊರವರೆಲ್ಲ ತೋಳಿಗೆ ತೋಳು ಸೇರಿಸಿ ತುಳಿಯುತ್ತಿದ್ದರು. ನಮಗೆ ನಗು ಬಂದು ಹಾಡು ನಿಂತೇಹೋಯಿತು. ಅಪ್ಪ ಗದರಿದ್ದು ಅವರನ್ನು: "ಹಾಡು ನಿಂತ್ರೆ ನಿಲ್ಲಲಿ, ಕಾಲು ನಿಲ್ಲಿಸ್ಬೇಡ್ರೋ, ಮಣ್ಣು ಬಿರುಕು ಬಿಡುತ್ತೆ!"

ಅದಿರಲಿ. ನೀನು ಟೂಲಾನ್‌ಗೆ ಮಗಳ ಮನೆಗೆ ಹೋಗಿ ಆರು ವರ್ಷವಾಯಿತು. ಅಲ್ಲಿಂದೀಚೆಗೆ ನಾನು ಜನರ ಮುಂದೆ ಬಾಯಿ ಬಿಟ್ಟಿಲ್ಲ. ಈ ಸಲ ನೆಪ ಹೇಳಬೇಡ. ಬಂದೇ ಬರುತ್ತೀಯಲ್ಲ?

ನಿನ್ನ
ವೇಫಾ


ಟೂಲಾನ್
೧೬ ಮೇ ೧೯೯೧

ವೇಫಾ,

ಬಂದೇ ಬರುತ್ತೀಯಲ್ಲ ಎಂದು ಕೇಳಿದ್ದೀಯ. ನೀನು ಕೇಳುವುದಲ್ಲ, ಅಪ್ಪಣೆ ಮಾಡುವುದು. ಐವತ್ತು ವರ್ಷದಿಂದ ನೋಡುತ್ತಿದ್ದೇನೆ.

ಮೊದಲು ಸಂತೋಷ ಹೇಳಿಬಿಡುತ್ತೇನೆ. ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಒಬ್ಬಳೇ ಎದ್ದು ನಾಲ್ಕು ಹೆಜ್ಜೆ ಹಾಕಿದೆ. ಮಗಳು ಇವೆಟ್ ಬಂದು ನೋಡಿ ಹೆದರಿದಳು, ಬಿಸಿಲಿಗೆ ತಲೆ ತಿರುಗಿದೆ ಅಂದುಕೊಂಡಳು. ಶಾಲೆಯಲ್ಲಿ ಫ್ರೆಂಚ್ ಬಿಟ್ಟು ನಮ್ಮ ಮಾತು ಆಡಿದ್ದಕ್ಕೆ ಕೊರಳಿಗೆ ಮರದ ಕೆರ ನೇತುಹಾಕಿ ಮೂಲೆಯಲ್ಲಿ ನಿಲ್ಲಿಸುತ್ತಿದ್ದರಲ್ಲ, ನಿನಗೆ ಎಷ್ಟು ಸಲ ಬಿತ್ತು ಅದು! ಈಗ ಅದೇ ಮಾತಿಗೆ ಅದೇ ಕೊರಳಿಗೆ ಬೆಳ್ಳಿ. ಮೇಷ್ಟರು ಬದುಕಿದ್ದಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಅಂದ ಹಾಗೆ ಸರ ಎಷ್ಟು? ಒಂದಾ, ಎರಡಾ? ನೀನು ಕಾಗದದಲ್ಲಿ ಕ್ರೇಪ್ ಎಣಿಸಿದ್ದೀಯ, ಸರ ಎಣಿಸಿಲ್ಲ.

ಬರುವ ವಿಷಯ ಈಗಲೇ ಹೇಳಲಾರೆ. ಚಳಿಗಾಲದ ಕೆಮ್ಮು ಇನ್ನೂ ಬಿಟ್ಟಿಲ್ಲ. ಡಾಕ್ಟರು ಏನೇನೋ ಹೇಳುತ್ತಾರೆ, ಇವೆಟ್ ಅದಕ್ಕೆ ಎರಡು ಸೇರಿಸುತ್ತಾಳೆ. ಸೆಪ್ಟೆಂಬರ್ ಇನ್ನೂ ದೂರ ಇದೆ, ನೋಡೋಣ. ನೀನು ಮಾತ್ರ ಈಗಿನಿಂದಲೇ ಹಾಡಿ ಹಾಡಿ ಕೆಡಿಸಿಕೊಳ್ಳಬೇಡ. ತಣ್ಣನೆ ಸೇಬಿನ ಸೈಡರ್ ಮುಟ್ಟಬೇಡ. ಗಂಟಲು ಜೋಪಾನ.

ಮಹರೀತ್


ಲಾನ್‌ವರ್ನ್
೩ ಜೂನ್ ೧೯೯೧

ಮಹರೀತ್,

ಗಂಟಲು ಜೋಪಾನ ಅಂದೆ. ಗಂಟಲು ಚೆನ್ನಾಗಿದೆ, ಉಸಿರೇ ಕೈಕೊಡುತ್ತಿದೆ. ಹಸುವಿನ ಕೊಟ್ಟಿಗೆಯಲ್ಲಿ ಒಬ್ಬಳೇ ನಿಂತು ಗಾವೋತ್ ಕುಣಿತದ ಹಾಡು ಹಿಡಿದೆ. ಏಳನೇ ಸಾಲಿಗೇ ಎದೆ ಡವಡವ. ಒಬ್ಬರೇ ಹಾಡುವ ಹಾಡೇ ಅಲ್ಲವಲ್ಲ ಇದು. ನಾನು ಸಾಲು ಮುಗಿಸುವ ಮೊದಲೇ ನೀನು ಅದರ ಬಾಲ ಹಿಡಿಯುತ್ತಿದ್ದೆ. ಕೊನೆಯ ಎರಡು ಮೂರು ಮಾತು ಇಬ್ಬರೂ ಕೂಡಿ ಹಾಡುತ್ತಿದ್ದೆವು. ಆಮೇಲೆ ನೀನು ಇಡೀ ಸಾಲನ್ನು ತಿರುಗಿ ಹಾಡುವಾಗ ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ. ನೀನಿಲ್ಲದೆ ನನಗೆ ಉಸಿರಾಡಲು ಜಾಗವೇ ಇಲ್ಲ ಕಣೇ.

ಲೋಸ್ತಾನ್ಲೆನ್ ಮತ್ತೆ ಬಂದಿದ್ದ. "ತಮ್ಮ ಗೆಳತಿ ಬಾರದಿದ್ದಲ್ಲಿ ಚಿಂತೆ ಬೇಡ, ರೆನ್ ಪಟ್ಟಣದಿಂದ ತರಬೇತಿ ಪಡೆದ ಗಾಯಕಿಯನ್ನು ಕರೆಸೋಣ" ಅಂದ.

"ಅವಳು ಬಾಲ ಹಿಡೀತಾಳಾ?" ಕೇಳಿದೆ.

"ಸ್ವರಲಿಪಿ ಇದ್ದರೆ ಏನನ್ನಾದರೂ ಹಾಡುತ್ತಾಳೆ" ಅಂದ. ಇವನ ತಲೆ! ಸ್ವರಲಿಪಿಯಂತೆ. ಫಾಂಶ್ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದವನು ಅವನ ಕಾರು ಹೋಗುವವರೆಗೂ ಕೈ ಬೀಸಿದ. ಅವನನ್ನು ಕುರಿಗೆ ಸೂಜಿ ಹಾಕುವ ಡಾಕ್ಟರು ಅಂದುಕೊಂಡಿದ್ದಾನೆ.

ಭಾನುವಾರ ನಿನಗೆ ಫೋನ್ ಮಾಡಿದ್ದೆ. ನಮಗೆ ಫೋನ್ ಸರಿಹೋಗುವುದಿಲ್ಲ, ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಶುರುಮಾಡುತ್ತೇವೆ, ಗೊತ್ತು. ಆದರೂ ಮಾಡಿದೆ. ಇವೆಟ್ ಎತ್ತಿದಳು.

"ಅಮ್ಮ ಮಲಗಿದಾರೆ ಅತ್ತೆ."

"ಮಧ್ಯಾಹ್ನ ನಾಲ್ಕು ಗಂಟೆಗಾ? ಜೀವಮಾನದಲ್ಲಿ ಹಗಲು ಮಲಗಿದೋಳಲ್ಲ ಅವಳು."

"ಇಲ್ಲಿ ಸೆಕೆ ಅತ್ತೆ, ಎಲ್ಲಾರೂ ಮಲಗ್ತೀವಿ" ಅಂದಳು. ಅವಳ ದನಿಯೇ ಸರಿಯಿರಲಿಲ್ಲ. ಹೊಸ ವರ್ಷಕ್ಕೆ ಮಾತಾಡಿದಾಗ ನೀನು ಗೊಗ್ಗರುಗೊಗ್ಗರಾಗಿ ಎರಡು ಮಾತಾಡಿ ಇಟ್ಟುಬಿಟ್ಟಿದ್ದೆ. ಒಂದು ಸಲ ಫೋನಿಗೆ ಬಾ. ನಿನ್ನ ದನಿ ಕೇಳಿ ಎಷ್ಟು ಕಾಲವಾಯಿತು.

ವೇಫಾ


ಟೂಲಾನ್
೨೦ ಜೂನ್ ೧೯೯೧

ವೇಫಾ,

ಇಲ್ಲಿ ವಿಪರೀತ ಸೆಕೆ. ಟೊಮೇಟೊ ಆಗಲೇ ಕೆಂಪಾಗಿದೆ. ಸಮುದ್ರದ ಕಡೆಯಿಂದ ಗಾಳಿ ಬೀಸಿದರೆ ಮನೆಯೆಲ್ಲ ಮರಳು.

ಯೋಚನೆ ಮಾಡಿ ನೋಡಿದೆ. ಸೆಪ್ಟೆಂಬರಿಗೆ ನಾನು ಬರುವುದಿಲ್ಲ. ಪ್ಯಾರಿಸಿನಲ್ಲಿ ರೈಲು ಬದಲಾಯಿಸಬೇಕು, ಸಾಮಾನು ಹೊರಬೇಕು, ಅದೆಲ್ಲ ನನ್ನ ಕೈಲಿ ಆಗುವುದಿಲ್ಲ. ನೀನು ಬೇರೆ ಯಾರನ್ನಾದರೂ ಜೊತೆಗೆ ಹಾಕಿಕೋ. ಗಿರಣಿಯ ಪೆರ್ ಚೆನ್ನಾಗಿ ಹಾಡುತ್ತಾನೆ.

ಫೋನ್ ಮಾಡಬೇಡ, ಇವೆಟ್‌ಗೆ ಕೆಲಸಕ್ಕೆ ತೊಂದರೆ.

ಫಾಂಶ್‌ಗೆ ನನ್ನ ನೆನಪು ಹೇಳು.

ಮಹರೀತ್


ಲಾನ್‌ವರ್ನ್
೨೪ ಜೂನ್ ೧೯೯೧

ಮಹರೀತ್,

ನಿನ್ನ ಕಾಗದವನ್ನು ಮೂರು ಸಲ ತಿರುಗಿಸಿ ನೋಡಿದೆ, ಮೊದಲ ಪುಟ ಎಲ್ಲೋ ಬಿದ್ದುಹೋಗಿದೆ ಅಂತ. ನನ್ನ ಕೊನೆಯ ಮಾತನ್ನು ಎತ್ತದೆ ನೀನು ಒಂದು ಕಾಗದವನ್ನಾದರೂ ಶುರುಮಾಡಿದ್ದುಂಟಾ? ನಿನ್ನ ಗಂಡ ತೀರಿಕೊಂಡ ವಾರವೂ ಎತ್ತಿದ್ದೆ. ಈಗ ಟೊಮೇಟೊ ಅಂತೆ, ಮರಳಂತೆ.

ನನಗೆ ಗೊತ್ತಾಯಿತು. ಯಾರೋ ನಿನಗೆ ಹೇಳಿದ್ದಾರೆ. ಸರ ಒಂದೇ. ಹೆಸರೂ ಒಂದೇ, ನನ್ನದು. ಮೊದಲ ದಿನವೇ ಲೋಸ್ತಾನ್ಲೆನ್ ಬಾಯಿ ಬಿಟ್ಟು ಹೇಳಿದ್ದ. ನಾನು ನಿನಗೆ ಬರೆಯಲಿಲ್ಲ. ನೀನು ಒಂದಾ ಎರಡಾ ಎಂದು ಕೇಳಿದಾಗಲೂ ಕಿವುಡಿಯಂತೆ ಹಾರಿಸಿಬಿಟ್ಟೆ. ಹೇಗಾದರೂ ಅವನ ಕೈಲಿ ಎರಡು ಮಾಡಿಸಿಬಿಡುತ್ತೇನೆ, ಆಮೇಲೆ ನಗುತ್ತಾ ಹೇಳಿದರಾಯಿತು ಅಂದುಕೊಂಡೆ. ನಿನ್ನೆ ಅವನನ್ನು ಕೂರಿಸಿಕೊಂಡು ಕೇಳಿಯೂ ಕೇಳಿದೆ.

"ನೋಡಿ ಅಮ್ಮ, ಹಾಡನ್ನು ನೆನಪಿಟ್ಟು ಮುನ್ನಡೆಸುವವರು ತಾವು. ಎರಡನೆಯವರು ಅದನ್ನೇ ತಿರುಗಿ ಹೇಳುವವರಷ್ಟೆ. ಮೇಲಾಗಿ ಅವರು ಊರು ಬಿಟ್ಟವರು" ಅಂದ.

"ತಿರುಗಿ ಹೇಳೋರಷ್ಟೇನಾ? ನೀವು ನಿಮ್ಮ ಆಫೀಸಲ್ಲಿ ಏನ್ರೀ ಮಾಡೋದು, ಸತ್ತೋರು ಉಯಿಲಲ್ಲಿ ಹೇಳಿದ್ದನ್ನ ತಿರುಗಿ ಓದೋದು ತಾನೆ? ಅದಕ್ಕೆ ಫೀಸು ತಗೋತೀರಲ್ಲ!" ಅಂದೆ. ಮುಖ ಕೆಂಪಾಯಿತು. ಕ್ರೇಪ್ ತಟ್ಟೆ ಅವನ ಮುಂದಿನಿಂದ ಎಳೆದುಕೊಂಡೆ. ಟೋಪಿ ಬಿಟ್ಟೇ ಹೋದ, ಫಾಂಶ್ ಅದನ್ನು ಬೆದರುಬೊಂಬೆಗೆ ಹಾಕಿದ್ದಾನೆ.

ನಿನಗೆ ಕೋಪ ಬಂದಿದ್ದರೆ ಬೈದು ಬರೆ. ಊರು ಬಿಟ್ಟವಳು ಅಂತ ನಾನೇ ಒಪ್ಪಿಕೊಂಡೆ ಅಂದುಕೊಂಡೆಯಾ? ಥೂ, ನನ್ನ ಬುದ್ಧಿಗಿಷ್ಟು. ಮುಚ್ಚಿಟ್ಟಿದ್ದಕ್ಕೆ ನಾಚಿಕೆಯಾಗುತ್ತಿದೆ. ಆದರೆ ಹೀಗೆ ಟೊಮೇಟೊ ಬರೆದು ಕೊಲ್ಲಬೇಡ. ನೀನು ಬಾರದಿದ್ದರೆ ಸನ್ಮಾನವೂ ಬೇಡ, ಹಾಡೂ ಬೇಡ ಎಂದು ಹೇಳಿಬಿಡುತ್ತೇನೆ. ಒಂದು ಸಾಲು ಬರೆ ಸಾಕು.

ವೇಫಾ


ಲಾನ್‌ವರ್ನ್
೧೫ ಜುಲೈ ೧೯೯೧

ಮಹರೀತ್,

ಒಂದು ಸಾಲು ಬರೆ ಸಾಕು ಎಂದು ಬರೆದೆ. ನಿನ್ನ ಕಡೆಯಿಂದ ಏನೂ ಇಲ್ಲ. ಆದ್ದರಿಂದ ನನ್ನ ಬಾಲವನ್ನು ನಾನೇ ಹಿಡಿದುಕೊಂಡು ಶುರುಮಾಡುತ್ತಿದ್ದೇನೆ, ಹುಚ್ಚುನಾಯಿಯ ಹಾಗೆ. ಅಂಚೆಯವನು ಈಗ ನನ್ನನ್ನು ಕಂಡರೆ ಸೈಕಲ್ಲಿನ ಮೇಲಿಂದಲೇ ತಲೆ ಅಲ್ಲಾಡಿಸಿ ಹೋಗುತ್ತಾನೆ.

ನಿನ್ನೆ ಹಬ್ಬದ ರಜೆ. ತಡೆಯಲಾರದೆ ಫೋನ್ ಮಾಡಿದೆ. ಎತ್ತಿದರು. ಹಲೋ ಅನ್ನಲಿಲ್ಲ. ನಾನು ಮಹರೀತ್, ಮಹರೀತ್ ಅಂತ ಅರಚಿದೆ. ಉಸಿರು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಇಟ್ಟುಬಿಟ್ಟರು.

ಅದು ಇವೆಟ್ ಅಲ್ಲ. ನಲವತ್ತು ವರ್ಷ ನನ್ನ ಕಿವಿಯ ಪಕ್ಕದಲ್ಲೇ ಇದ್ದ ಉಸಿರು, ನನಗೆ ಗೊತ್ತಾಗುವುದಿಲ್ಲವಾ? ನೀನೇ. ಆದರೆ ಅದರಲ್ಲಿ ಒಂದು ಸಿಳ್ಳೆ ಇತ್ತು, ಕೆಟಲಿನ ಹಾಗೆ. ಅದು ನಿನ್ನದಲ್ಲ. ರಾತ್ರಿಯಿಡೀ ಅದೇ ಕಿವಿಯಲ್ಲಿ. ನನಗೆ ಹೆದರಿಕೆಯಾಗುತ್ತಿದೆ ಮಹರೀತ್. ನೀನು ಕೋಪದಲ್ಲಿದ್ದರೆ ಇರು, ಅದನ್ನು ತಡೆದುಕೊಳ್ಳುತ್ತೇನೆ. ಕೋಪ ಅಲ್ಲದಿದ್ದರೆ ಏನು ಹೇಳು.

ವೇಫಾ


ಟೂಲಾನ್
೨೨ ಜುಲೈ ೧೯೯೧

ವೇಫಾ,

ಕೋಪ ಅಲ್ಲದಿದ್ದರೆ ಏನು ಹೇಳು ಅಂದೆ. ಹೇಳುತ್ತೇನೆ, ಕೂತು ಓದು.

ಅದು ಕೆಮ್ಮಲ್ಲ, ಹುಣ್ಣು. ಕೆಟ್ಟ ಹುಣ್ಣು. ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ದನಿ ಬರುವ ಪೆಟ್ಟಿಗೆಯನ್ನೇ ತೆಗೆದರು. ಈಗ ಕೊರಳಿನ ಬುಡದಲ್ಲಿ ಒಂದು ತೂತಿದೆ, ಉಸಿರು ಅಲ್ಲಿಂದಲೇ. ನೀನು ಕೇಳಿದ ಸಿಳ್ಳೆ ಅದರದ್ದು. ಹುಣ್ಣು ಪೂರ್ತಿ ಹೋಗಿದೆ ಎನ್ನುತ್ತಾರೆ ಡಾಕ್ಟರು, ಅದನ್ನು ನಂಬಿದ್ದೇನೆ, ನೀನೂ ನಂಬು. ಮಾತಿಗೆ ಇವೆಟ್ ಒಂದು ಸ್ಲೇಟು ತಂದುಕೊಟ್ಟಿದ್ದಾಳೆ. ಅರವತ್ತೈದಕ್ಕೆ ಮತ್ತೆ ಒಂದನೇ ಕ್ಲಾಸು. ಈ ಸಲ ಕೆರ ನೇತುಹಾಕುವವರಿಲ್ಲ, ಅದೊಂದು ಸಮಾಧಾನ.

ಸರದ ಮೇಲೆ ನನಗೆ ಕೋಪ ಅಂದುಕೊಂಡೆಯಾ, ಪೆದ್ದಿ? ಹಾಕಿದರೂ ನನ್ನ ಕೊರಳಿಗೆ ಎಲ್ಲಿ ಹಾಕುತ್ತಾರೆ? ನಿನ್ನ ಕಾಗದ ಓದಿ ನಗು ಬಂತು. ನನ್ನ ನಗುವಿಗೂ ಈಗ ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಇವೆಟ್ ಅಳುತ್ತಿದ್ದೇನೆ ಅಂದುಕೊಂಡು ನೀರು ತಂದಳು.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿದರೆ ನೀನು ಹಾಡುವುದನ್ನೇ ಬಿಟ್ಟುಬಿಡುತ್ತೀಯ. ನಾನು ಹೋದರೆ ಒಂದು ದನಿ ಹೋಯಿತು, ನೀನು ಬಿಟ್ಟರೆ ಹಾಡೇ ಹೋಯಿತು. ಜೂನ್ ಮೊದಲ ಕಾಗದದಲ್ಲಿ ನೀನು ಕೊನೆಗೆ ಬರೆದಿದ್ದು "ನಿನ್ನ ದನಿ ಕೇಳಿ ಎಷ್ಟು ಕಾಲವಾಯಿತು" ಎಂದು. ಆ ಮಾತನ್ನು ಹೇಗೆ ಎತ್ತಲಿ ಹೇಳು? ಪೆನ್ನು ಹಿಡಿದು ಎರಡು ದಿನ ಕೂತಿದ್ದೆ. ಆಗಲಿಲ್ಲ. ಅದಕ್ಕೇ ಟೊಮೇಟೊ.

ಆಪರೇಷನ್ನಿನ ಹಿಂದಿನ ಸಂಜೆ ಆಸ್ಪತ್ರೆಯ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಹಾಡಿದೆ. ನಮ್ಮ ಗಾವೋತ್ ಹಾಡನ್ನೇ. ನನ್ನ ಸಾಲುಗಳನ್ನು ಮಾತ್ರ. ನಿನ್ನ ಸಾಲು ಬರುವ ಕಡೆ ಸುಮ್ಮನಿದ್ದು, ಮನಸ್ಸಿನಲ್ಲಿ ನಿನ್ನನ್ನು ಕೇಳಿಕೊಂಡು, ಬಾಲ ಬಂದಾಗ ಹಿಡಿದೆ. ನರ್ಸ್ ಬಾಗಿಲು ತಟ್ಟಿದಳು. "ಯಾಕಮ್ಮಾ ನಿಲ್ಲಿಸ್ಬಿಟ್ರಿ? ಚೆನ್ನಾಗಿತ್ತು, ಮುಂದೆ ಹಾಡಿ" ಅಂದಳು. "ಮುಂದಿನದು ನಂದಲ್ಲ ಕಣಮ್ಮ" ಅಂದೆ. ನಾನು ಬಾಯಿಂದ ಆಡಿದ ಕೊನೆಯ ದೊಡ್ಡ ಮಾತು ಅದೇ ಇರಬೇಕು.

ಈಗ ನೀನು ಲೋಸ್ತಾನ್ಲೆನ್‌ಗೆ ಬೇಡ ಅನ್ನಕೂಡದು. ಟೋಪಿ ವಾಪಸು ಕೊಡು. ಪೆರ್‌ಗೆ ಹೇಳಿಕೊಡು, ಅವನಿಗೆ ಎದೆಯಿದೆ. ನನ್ನ ಸಾಲನ್ನು ಯಾರಿಗಾದರೂ ಕೊಡು.

ಮಹರೀತ್


ಲಾನ್‌ವರ್ನ್
೩೧ ಜುಲೈ ೧೯೯೧

ಮಹರೀತ್,

ನನ್ನ ಸಾಲನ್ನು ಯಾರಿಗಾದರೂ ಕೊಡು ಅಂದೆ. ಕೊಟ್ಟು ನೋಡಿದೆ, ಆಗುವುದಿಲ್ಲ.

ನಿನ್ನ ಕಾಗದ ಬಂದ ದಿನ ಏನೂ ಮಾಡಲಿಲ್ಲ. ಹಸು ಕೂಡ ಹಾಲು ಕರೆಯಿರಿ ಅಂತ ಕೂಗಿ ಕೂಗಿ ಸುಮ್ಮನಾಯಿತು. ಫಾಂಶ್ ಬಂದು ಪಕ್ಕ ಕೂತ. ಕೂಗಿ ಹೇಳುವ ವಿಷಯವೇ ಅದು? ಕಾಗದವನ್ನೇ ಅವನ ಕೈಗೆ ಕೊಟ್ಟೆ. ಓದಿ, ಮಡಚಿ, ಹೋಗಿ ಹಾಲು ಕರೆದುಕೊಂಡು ಬಂದ. ಆಮೇಲೆ ಅಂದ: "ಅವಳು ಹಾಡೋದು ನಂಗೆ ಮೈಯಲ್ಲೆಲ್ಲಾ ಗೊತ್ತು." ಅಷ್ಟೇ. ನಾನು ಆಗ ಅತ್ತೆ, ಬಾಯಿಬಿಟ್ಟು ಅತ್ತೆ. ಆರು ತಿಂಗಳು ನೀನು ಒಬ್ಬಳೇ ಅದನ್ನು ಹೊತ್ತಿದ್ದೆ, ನಾನು ಇಲ್ಲಿ ಸರ ಎಣಿಸುತ್ತಾ ಕೂತಿದ್ದೆ.

ಪೆರ್ ಬಂದ, ಪಾಪ. ದನಿ ದೊಡ್ಡದು. ಆದರೆ ನಾನು ಪೂರ್ತಿ ಮುಗಿಸುವವರೆಗೂ ಮರ್ಯಾದೆಯಿಂದ ಕಾಯುತ್ತಾನೆ. "ಮಧ್ಯೆ ಬಾಯಿ ಹಾಕೋ" ಅಂದರೆ, "ದೊಡ್ಡೋರ ಮಾತಿಗೆ ಹೇಗೆ ಬಾಯಿ ಹಾಕ್ಲಿ ಅತ್ತೆ" ಅನ್ನುತ್ತಾನೆ. ಕಳಿಸಿಬಿಟ್ಟೆ.

ಒಪ್ಪಿಕೊಂಡಿದ್ದೇನೆ, ಹೆದರಬೇಡ. ಟೋಪಿಯನ್ನೂ ಕೊಟ್ಟೆ, ಕಾಗೆ ಹಿಕ್ಕೆ ಒರೆಸಿ. ಒಬ್ಬಳೇ ನಿಲ್ಲುತ್ತೇನೆ. ನನ್ನ ಸಾಲು ನಾನು ಹಾಡುತ್ತೇನೆ, ನಿನ್ನ ಸಾಲಿನ ಜಾಗದಲ್ಲಿ ಸುಮ್ಮನಿರುತ್ತೇನೆ. ನೀನು ಬಚ್ಚಲಲ್ಲಿ ಮಾಡಿದ ಹಾಗೆ. ಯಾಕೆಂದರೆ ಅದು ನನ್ನದಲ್ಲ.

ಆದರೆ ನೀನು ಬಂದು ಎಂದಿನಂತೆ ನನ್ನ ಎಡಗಡೆ, ಬಾಲ ಹಿಡಿಯುವವಳ ಜಾಗದಲ್ಲಿ ನಿಂತರೆ? ಬಾಯಿ ಬಿಡಬೇಡ, ನಿಂತರೆ ಸಾಕು. ಬರುತ್ತೀಯಾ?

ವೇಫಾ


ಟೂಲಾನ್
೧೯ ಆಗಸ್ಟ್ ೧೯೯೧

ವೇಫಾ,

ಬರುತ್ತೀಯಾ ಅಂದೆ. ಬರಲಾರೆ ಕಣೇ. ಅಲ್ಲಿಯ ಜನಕ್ಕೆ ನಾನು ಅಂದರೆ ದನಿ. ಅವರು ನನ್ನ ಕೊರಳು ನೋಡಿ, ಆಮೇಲೆ ನೋಡದ ಹಾಗೆ ಬೇರೆ ಕಡೆ ತಿರುಗುವುದನ್ನು ನಾನು ತಡೆಯಲಾರೆ. ಇಲ್ಲಿಯ ಮೀನಿನ ಅಂಗಡಿಯವಳು ತಿರುಗಿಕೊಂಡರೆ ನನಗೇನೂ ಅಲ್ಲ. ಲಾನ್‌ವರ್ನ್ ತಿರುಗಿಕೊಂಡರೆ ಸಾಯುತ್ತೇನೆ.

ಇನ್ನು ನೀನು ಹೇಳುವ ಆ ಹುಚ್ಚಾಟ ಬೇಡ. ಹಾಡಿನ ಮಧ್ಯೆ ಸುಮ್ಮನೆ ನಿಂತರೆ ಕುಣಿಯುವವರು ತಬ್ಬಿಬ್ಬಾಗಿ ನಿಂತುಬಿಡುತ್ತಾರೆ. ವೇಲ್ಸಿನವರು, ಐರ್ಲೆಂಡಿನವರು ಎಲ್ಲ ಇರುತ್ತಾರೆ. ಮುದುಕಿಗೆ ಮರೆವು ಅಂತ ನಗುತ್ತಾರೆ. ನನ್ನ ಸಲುವಾಗಿ ನೀನು ನಗೆಪಾಟಲಾಗಬೇಡ. ರೆನ್‌ನ ಹುಡುಗಿಯನ್ನೇ ಕರೆಸು, ಸ್ವರಲಿಪಿ ನೋಡಿಕೊಂಡಾದರೂ ಹಾಡಲಿ.

ಸನ್ಮಾನದ ಶನಿವಾರ ಸಂಜೆ ನಾನು ಇಲ್ಲಿ ಮೇಣದಬತ್ತಿ ಹಚ್ಚಿಟ್ಟು ಕೂತಿರುತ್ತೇನೆ. ಆದದ್ದೆಲ್ಲ ಬರೆ, ಕೆಟ್ಟದ್ದಾದರೂ ಮುಚ್ಚಿಡಬೇಡ.

ಮಹರೀತ್


ಲಾನ್‌ವರ್ನ್
೨೯ ಸೆಪ್ಟೆಂಬರ್ ೧೯೯೧, ಭಾನುವಾರ

ಮಹರೀತ್,

ಮುಚ್ಚಿಡಬೇಡ ಅಂದೆ. ಮುಚ್ಚಿಡುವುದಿಲ್ಲ.

ನಿನ್ನೆ ಸಂಜೆಯ ಮಾತು ಕೇಳು. ಊರೆಲ್ಲ ಬಂದಿತ್ತು, ಅಕ್ಕಪಕ್ಕದ ಊರೂ ಬಂದಿತ್ತು. ವೇಲ್ಸಿನ ಬಡಗಿ ಒಳ್ಳೆ ಮನುಷ್ಯ, ನನಗಿಂತ ಹೆಚ್ಚು ನಡುಗುತ್ತಿದ್ದ. ಐರ್ಲೆಂಡಿನ ಮೇಷ್ಟ್ರು ಆಗಲೇ ಎರಡು ಗ್ಲಾಸ್ ಸೇಬಿನ ಸಾರಾಯಿ ಏರಿಸಿದ್ದರು, ಅವರಿಗೆ ನಡುಕ ಇರಲಿಲ್ಲ. ಲೋಸ್ತಾನ್ಲೆನ್ ಪುಸ್ತಕದ ಮಾತಿನಲ್ಲಿ ಒಂದು ಗಂಟೆ ಕೊರೆದ. ನನ್ನ ಪಕ್ಕದ ಕುರ್ಚಿಯವಳು, "ಇವ್ರು ಲ್ಯಾಟಿನ್ ಹೇಳ್ತಿದಾರಾ?" ಅಂತ ಕೇಳಿದಳು. ಸರ ಹಾಕಿದರು. ಭಾರವಾಗಿದೆ, ತಣ್ಣಗಿದೆ. ಮರದ ಕೆರವೇ ವಾಸಿ.

ಆಮೇಲೆ ಲೋಸ್ತಾನ್ಲೆನ್ ನನ್ನ ಕಿವಿಯಲ್ಲಿ, "ರೆನ್‌ನ ಗಾಯಕಿ ಬಂದಿದ್ದಾರೆ, ನಾನೇ ಕರೆಸಿದೆ, ತಮ್ಮ ಮಾನ ಉಳಿಯಲೆಂದು" ಅಂದ. ನೋಡಿದರೆ ಆ ಹುಡುಗಿ ಕಾಗದ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಾಳೆ. ಮುದ್ದಾಗಿದ್ದಳು, ಬೈಯಲು ಮನಸ್ಸು ಬರಲಿಲ್ಲ. "ಕೂತ್ಕೋ ತಾಯಿ, ಕೇಳು" ಅಂದೆ.

ಬಲಗಡೆ ನಾನು ನಿಂತೆ. ಎಡಗಡೆ ನಿನ್ನ ಜಾಗ ಬಿಟ್ಟೆ. ಕುಣಿಯುವವರು ತೋಳು ಕೊಂಡಿ ಹಾಕಿಕೊಂಡರು, ಸುಮಾರು ಎಂಬತ್ತು ಜನ. ಸಾಲಿನ ಮುಂದೆ ಫಾಂಶ್, ಅವನಿಗೆ ಎಪ್ಪತ್ತಾದರೂ ತಲೆಯಾಳಿನ ಜಾಗ ಬಿಟ್ಟುಕೊಡುವುದಿಲ್ಲ. ಮೊದಲ ಸಾಲು ಹಾಡಿದೆ. ಬಾಲ ಬಂತು. ಎಡಕ್ಕೆ ತಿರುಗಿದೆ, ಅಭ್ಯಾಸಬಲ. ಯಾರೂ ಇಲ್ಲ. ಬಾಯಿ ಮುಚ್ಚಿದೆ.

ಮಹರೀತ್, ಅಂಥ ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ. ಜನ ತಲೆಯೆತ್ತಿದರು. ಮಧ್ಯದಲ್ಲಿ ಕೆಲವರ ಹೆಜ್ಜೆ ತಡವರಿಸಿತು. ಲೋಸ್ತಾನ್ಲೆನ್ ಮೆಟ್ಟಿಲಿನಿಂದ, "ಮುಂದೆ! ಮುಂದೆ ಹಾಡಿ!" ಅಂತ ಪಿಸುಗುಟ್ಟಿದ. "ಮುಂದಿನದು ನಂದಲ್ಲ" ಅಂದೆ. ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು.

ಫಾಂಶ್ ನಿಲ್ಲಲಿಲ್ಲ. ಕೇಳಿಸಿದರೆ ತಾನೆ ನಿಲ್ಲುವುದು? ಅವನು ಎದೆ ಮುಂದೆ ಮಾಡಿಕೊಂಡು ಹೆಜ್ಜೆ ಹಾಕುತ್ತಲೇ ಇದ್ದ, ಅವನ ತೋಳು ಹಿಡಿದವರು ಅವನ ಹಿಂದೆ. ಹಳಬರು ಮೊದಲು ಸೇರಿಕೊಂಡರು, ನಮ್ಮಪ್ಪನ ಕಣ ತುಳಿದ ಕಾಲುಗಳು ಅವು. ಹಲಗೆಯ ಮೇಲೆ ಎಂಬತ್ತು ಜೊತೆ ಕಾಲು, ನಿನ್ನ ಸಾಲು, ಪೂರ್ತಿ ಎಂಟು ಹೆಜ್ಜೆ. ನೀನು ಎಲ್ಲಿ ಮಾತನ್ನು ಒತ್ತಿ ಹಿಡಿಯುತ್ತಿದ್ದೆಯೋ ಅಲ್ಲೇ ಅವರೂ ಒತ್ತಿ ತುಳಿದರು. ನನಗೆ ಉಸಿರು ಬಂತು. ಅದರ ಬಾಲ ಹಿಡಿದು ಎರಡನೇ ಸಾಲು ಎತ್ತಿದೆ. ಹಾಗೇ ಇಡೀ ಹಾಡು ಮುಗಿಸಿದೆ, ಒಂದೂ ಬಿಡಲಿಲ್ಲ.

ಮುಗಿದ ಮೇಲೆ ರೆನ್‌ನ ಹುಡುಗಿ ಕಣ್ಣೊರೆಸಿಕೊಂಡು ಕಾಗದವನ್ನು ಚೀಲಕ್ಕೆ ತುರುಕಿದಳು. ಫಾಂಶ್‌ಗೆ ಕೂಗಿ ಹೇಳಿದೆ: "ಲೋ, ಹಾಡು ಅರ್ಧ ನಿಂತಿತ್ತು ಕಣೋ, ನಿಂಗೆ ಗೊತ್ತಾಗ್ಲಿಲ್ವಾ?"

ಅವನು ಬೆವರು ಒರೆಸಿಕೊಳ್ಳುತ್ತಾ ನನ್ನನ್ನೇ ಹುಚ್ಚಿ ಅನ್ನುವ ಹಾಗೆ ನೋಡಿದ. "ಎಲ್ಲಿ ನಿಂತಿತ್ತೇ? ನಿಂದೇನೋ ಸರಿಯಾಗಿ ಕೇಳಿಸ್ಲಿಲ್ಲ. ಮಹರೀತ್ ಚೆನ್ನಾಗಿ ಹಾಡಿದ್ಲು."

ರೇಡಿಯೋದವರು ಹಿಡಿದ ಕ್ಯಾಸೆಟ್ಟು ಈ ಪೊಟ್ಟಣದಲ್ಲಿದೆ. ಸರವೂ ಇದೆ. ವಾದ ಮಾಡಬೇಡ. ಆರು ತಿಂಗಳು ನಿನ್ನ ಹತ್ತಿರ, ಆರು ತಿಂಗಳು ನನ್ನ ಹತ್ತಿರ. ಕೊರಳಿಗೆ ಬೇಡವಾದರೆ ಕೈಗೆ ಸುತ್ತಿಕೋ. ಮತ್ತೆ ಕೇಳು: ಊರಲ್ಲಿ ಒಬ್ಬರೂ ತಿರುಗಿಕೊಳ್ಳಲಿಲ್ಲ. ಎಲ್ಲರೂ ನಿನ್ನ ಖಾಲಿ ಜಾಗವನ್ನೇ ನೋಡುತ್ತಿದ್ದರು.

ವೇಫಾ


ಟೂಲಾನ್
೧೧ ಅಕ್ಟೋಬರ್ ೧೯೯೧

ವೇಫಾ,

ನಿನ್ನ ಖಾಲಿ ಜಾಗವನ್ನೇ ನೋಡುತ್ತಿದ್ದರು ಎಂದು ಬರೆದಿದ್ದೀಯ. ಅದನ್ನು ಎಷ್ಟು ಸಲ ಓದಿದೆನೋ.

ಸರ ಬಂತು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಸರಿಯಾಗಿ ತೂತಿನ ಮೇಲೇ ಕೂರುತ್ತದೆ. ಉಸಿರು ಕಟ್ಟಿ ಕೆಮ್ಮು ಬಂದು, ಇವೆಟ್ ಓಡಿ ಬಂದು ಎಳೆದು ತೆಗೆದಳು. ಪರಂಪರೆ ಉಳಿಸುವವರು ನನ್ನನ್ನೇ ಮುಗಿಸುತ್ತಿದ್ದರು. ಈಗ ಅದು ಕಿಟಕಿಯ ಕೊಕ್ಕೆಯಲ್ಲಿದೆ. ಸ್ಲೇಟಿನ ಮೇಲೆ ಬರೆದು ತೋರಿಸಿದೆ: ಇದು ವೇಫಾಳ ಉಡುಗೊರೆ, ಜೀವ ತೆಗೆಯುವಂಥದು. ಇಬ್ಬರೂ ನಕ್ಕೆವು.

ಕ್ಯಾಸೆಟ್ಟನ್ನು ಆ ದಿನ ಹಾಕಲಿಲ್ಲ. ಧೈರ್ಯ ಬರಲಿಲ್ಲ. ನಾಲ್ಕು ದಿನ ಬಿಟ್ಟು, ಇವೆಟ್ ಕೆಲಸಕ್ಕೆ ಹೋದ ಮೇಲೆ ಹಾಕಿದೆ. ನಿನ್ನ ದನಿ ಬಂತು. ಸ್ವಲ್ಪ ಮುಪ್ಪಾಗಿದೆ, ಸುಳ್ಳು ಯಾಕೆ ಹೇಳಲಿ. ಬಾಲ ಬಂತು. ನನ್ನ ಕೊರಳು ತಾನಾಗಿ ಸಾಲು ಎತ್ತಿತು, ಬರೀ ಗಾಳಿ ಬಂತು. ಅಷ್ಟರಲ್ಲಿ ಆ ಕಾಲುಗಳು. ಅಯ್ಯೋ ವೇಫಾ. ನಾನು ಎದ್ದು ನಿಂತು ನನ್ನ ಸಾಲಿಗೆಲ್ಲ ನೆಲ ತುಳಿದೆ. ಎರಡನೇ ಸಲ ಹಾಕಿದೆ, ಮೂರನೇ ಸಲವೂ. ಕೆಳಗಿನ ಮನೆಯವನು ಪೊರಕೆಯ ಹಿಡಿಯಿಂದ ತನ್ನ ಸೂರು ಕುಟ್ಟಿ ಗಲಾಟೆ ಮಾಡಿದ. ಅವನ ಕುಟ್ಟೂ ತಾಳಕ್ಕೇ ಸರಿಯಾಗಿ ಬೀಳುತ್ತಿತ್ತು.

ಆಮೇಲೆ ಕೂತು ಯೋಚಿಸಿದೆ. ಫಾಂಶ್‌ಗೆ ನಾನು ಕೇಳಿಸುತ್ತಿದ್ದೇನಂತೆ. ಕೇಳಿಸುವವನೊಬ್ಬ ಇರುವಾಗ ನಾನು ಇಲ್ಲಿ ಟೊಮೇಟೊ ಕಾಯುತ್ತಾ ಯಾಕೆ ಕೂತಿರಬೇಕು? ಹೆದರಿಕೆ ಹೋಗಿಲ್ಲ. ಆದರೂ ಇವೆಟ್ ಕೈಲಿ ಟಿಕೆಟ್ ತೆಗೆಸಿದ್ದೇನೆ. ಸತ್ತವರ ಹಬ್ಬಕ್ಕೆ ಮುಂಚೆ, ಇಪ್ಪತ್ತಾರನೇ ತಾರೀಕು ಶನಿವಾರ, ರೋಸ್ಪೋರ್ಡೆನ್‌ಗೆ ಸಂಜೆಯ ರೈಲು. ಕೊರಳಿಗೆ ನೀಲಿ ವಸ್ತ್ರ ಸುತ್ತಿರುತ್ತೇನೆ. ಸ್ಲೇಟು ತರುತ್ತೇನೆ. ಸರವನ್ನೂ ತರುತ್ತೇನೆ, ಅದನ್ನು ನೀನೇ ಹಾಕಿಕೋ.

ಇಷ್ಟು ವರ್ಷ ನೀನು ಶುರುಮಾಡಿದೆ, ನಾನು ಎತ್ತಿದೆ. ಈ ಸಲ ಶುರುಮಾಡುವವಳು ನಾನು. ಮುಗಿಸುವ ಮೊದಲೇ ಹಿಡಿಯಬೇಕು, ಪೆರ್ ಹಾಗೆ ಮರ್ಯಾದೆಯಿಂದ ಕಾಯಬೇಡ. ಶನಿವಾರ ಸಂಜೆ ನೀನು ನಿಲ್ದಾಣಕ್ಕೆ ಬಂದು


ಲಾನ್‌ವರ್ನ್
೧೫ ಅಕ್ಟೋಬರ್ ೧೯೯೧

ಬಂದು ಎಡಗಡೆ ನಿಂತಿರುತ್ತೇನೆ.